ಹಾಲವ್ವನ ಕೊನೆಯ ನಾಲ್ಕು ಕ್ರೆಡಿಟ್

ಬಸವೇಶ್ವರನಗರದ ಹಾಲವ್ವ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸುವುದನ್ನು ಒಮ್ಮೆ ನೋಡಬೇಕು. ಅಂಗಡಿಯವನು ಕಾರ್ಡನ್ನು ಗಾಜಿನ ಮೇಲಿಟ್ಟ ಗಳಿಗೆಯಿಂದ ಅದು ತಿರುಗಿ ಕೈಸೇರುವವರೆಗೂ ಅವಳು ರೆಪ್ಪೆ ಬಡಿಯುವುದಿಲ್ಲ. ಪ್ರತಿ ಸಿಕ್ಕ ಮೇಲೆ ಅದರ ಮೇಲೆ ಅಡ್ಡಡ್ಡ ಎರಡು ಗೀಟು ಎಳೆದು, ಯಾವ ಕೆಲಸಕ್ಕೆ, ಯಾರಿಗೆ, ಯಾವ ತಾರೀಖು ಎಂದು ಬರೆದು ಸಹಿ ಹಾಕುತ್ತಾಳೆ. ಅಷ್ಟಾದರೂ ಸಮಾಧಾನವಿಲ್ಲ. ಮಿಷನ್ನಿನ ಮುಚ್ಚಳ ಎತ್ತಿಸಿ ಒಳಗೆ ಇನ್ನೊಂದು ಪ್ರತಿ ಉಳಿದಿದೆಯೋ ಎಂದು ಬಗ್ಗಿ ನೋಡುತ್ತಾಳೆ. ಹೂವಿನವಳು ಮೊಳ ಹಾಕಿ ಕೊಟ್ಟದ್ದನ್ನು ತನ್ನ ಮೊಳಕೈಯಲ್ಲಿ ಮತ್ತೆ ಅಳೆಯುತ್ತಾಳೆ. ಕರೆಂಟ್ ಮೀಟರ್ ಓದಲು ಬಂದವನ ಗುರುತಿನ ಚೀಟಿಯ ಫೋಟೊ ತೆಗೆದುಕೊಂಡ ಮೇಲೆಯೇ ಗೇಟಿನ ಚಿಲಕ ಸರಿಯುವುದು.

"ಮದುವೆಗೆ ಮುಂಚೆ ನನ್ನನ್ನ ಮೂರು ಸಲ ನೋಡಿದ್ಲು. ಮೂರು ಸಲಾನೂ ಬಂದಿದ್ದು ಒಬ್ನೇನಾ ಅಂತ ಚೆಕ್ ಮಾಡೋಕೆ," ಎಂದು ಗಂಡ ಸಿದ್ದಲಿಂಗೇಶ್ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಾನೆ. ಅವನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸದವನು, ಎಲ್ಲರನ್ನೂ ನಂಬಿಕೊಂಡು ಬದುಕುವವರ ಪೈಕಿ. ಹಾಲವ್ವನ ಪ್ರಕಾರ ಅಂಥವರ ಪಾಲಿನ ಅನುಮಾನವನ್ನೂ ಮನೆಯಲ್ಲಿ ಯಾರಾದರೂ ಒಬ್ಬರು ಪಡಲೇಬೇಕು.

ಅವಳ ತವರು ಹರಿಹರದ ಆಚೆಯ ಒಂದು ಹಳ್ಳಿ. ಪಿಯುಸಿ ಮುಗಿಸಿ ಮದುವೆಯಾಗಿ ಬೆಂಗಳೂರಿಗೆ ಬಂದವಳು, ಇಪ್ಪತ್ತಾರನೇ ವಯಸ್ಸಿಗೆ ವಿಜಯನಗರದ ಒಂದು ಖಾಸಗಿ ಸಂಜೆ ಕಾಲೇಜಿನಲ್ಲಿ ಅಟೆಂಡರ್ ಆಗಿ ಸೇರಿದಳು. ಈಗ ನಲವತ್ಮೂರು. ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಅಟೆಂಡರೇ. ಆದರೆ ಹತ್ತು ವರ್ಷದಿಂದ ಆ ಕಾಲೇಜಿನ ಮಾರ್ಕ್ಸ್ ಎಂಟ್ರಿ, ಹಾಲ್ ಟಿಕೆಟ್ಟು, ಅಡ್ಮಿಷನ್ ಪಟ್ಟಿ ಎಲ್ಲವೂ ಅವಳ ಬೆರಳಿನಿಂದಲೇ ಕಂಪ್ಯೂಟರಿಗೆ ಹೋಗುತ್ತವೆ. ನೋಡಿ ನೋಡಿ ಕಲಿತದ್ದು, ಯಾರೂ ಕೂರಿಸಿಕೊಂಡು ಕಲಿಸಲಿಲ್ಲ.

ಪರೀಕ್ಷೆ ಬಂತೆಂದರೆ ಮಾತ್ರ ಅವಳನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ಗೇಟಿಗೆ ಕಳಿಸುತ್ತಿದ್ದರು. ಹುಡುಗಿಯರನ್ನು ತಡವಿ ನೋಡಿ ಒಳಗೆ ಬಿಡುವ ಕೆಲಸ. ಅದರಲ್ಲಿ ಹಾಲವ್ವನನ್ನು ಮೀರಿಸುವವರು ಹುಟ್ಟಿರಲಿಲ್ಲ. ಜಡೆಯ ಮಡಿಕೆ, ಚಪ್ಪಲಿಯ ಅಟ್ಟೆ, ನೀರಿನ ಬಾಟಲಿಯ ಲೇಬಲ್ಲಿನ ಒಳಮೈ, ದುಪಟ್ಟಾದ ಅಂಚು, ಯಾವುದೂ ಅವಳ ಕೈ ತಪ್ಪಿಸಿಕೊಳ್ಳಲಿಲ್ಲ. ಒಬ್ಬಳು ಮದುವೆ ಮನೆಯ ಮೆಹಂದಿ ಎಂದು ಅಂಗೈ ತುಂಬ ಗಣಿತದ ಸೂತ್ರ ಬಿಡಿಸಿಕೊಂಡು ಬಂದಿದ್ದಳು, ಅವಳನ್ನೂ ಹಿಡಿದಳು. ಗೇಟಿನಲ್ಲಿ ಹಾಲವ್ವ ಹೆಸರು ಕೇಳುತ್ತಿದ್ದುದು ಹೀಗೆ ಸಿಕ್ಕಿಬಿದ್ದವರದ್ದು ಮಾತ್ರ. ಹುಡುಗಿಯರು ಬೆನ್ನ ಹಿಂದೆ 'ಸ್ಕ್ಯಾನರ್ ಆಂಟಿ' ಎನ್ನುವುದು ಅವಳಿಗೆ ಗೊತ್ತಿತ್ತು. ಒಳಗೊಳಗೇ ಹಿಗ್ಗೂ ಇತ್ತು.

ಹೋದ ಆಗಸ್ಟಿನಲ್ಲಿ ಕಚೇರಿಯ ಸೂಪರಿಂಟೆಂಡೆಂಟ್ ಕಾಂತರಾಜು ಅವಳನ್ನು ಕರೆದು ಕೂರಿಸಿದರು.

"ಹಾಲವ್ವ, ಕಂಪ್ಯೂಟರ್ ಆಪರೇಟರ್ ಪೋಸ್ಟ್ ಸ್ಯಾಂಕ್ಷನ್ ಆಗಿದೆ. ಪರ್ಮನೆಂಟು. ಆದ್ರೆ ಕಂಪ್ಯೂಟರ್ ಡಿಗ್ರಿ ಇರ್ಲೇಬೇಕು ಅಂತ ಮ್ಯಾನೇಜ್‌ಮೆಂಟು ಹಟ ಹಿಡಿದಿದೆ. ಜೂನ್ ಒಳಗೆ ತಂದ್ರೆ ನಿಮ್ದೇ. ಇಲ್ಲಾಂದ್ರೆ ಹೊರಗಡೆಯಿಂದ ತಗೋತಾರೆ."

"ಹೊರಗಡೆಯಿಂದ ಬಂದೋರಿಗೆ ನಮ್ ಕೆಲ್ಸ ಹೆಂಗ್ ಗೊತ್ತಾಗುತ್ತೆ ಸಾರ್?"

"ನೀವೇ ಹೇಳ್ಕೊಡಬೇಕಾಗುತ್ತೆ," ಎಂದು ಕಾಂತರಾಜು ಪೇಪರಿನ ಕಡೆ ನೋಡಿದರು.

ಹಾಲವ್ವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗಲೇ. ಹತ್ತು ವರ್ಷ ತಾನು ಮಾಡಿದ ಕೆಲಸವನ್ನು ಯಾರೋ ಬಂದು ತನ್ನಿಂದಲೇ ಕಲಿತು, ತನ್ನದೇ ಕುರ್ಚಿಯಲ್ಲಿ ಕೂತು, ತನಗೇ ಟೀ ತರಲು ಹೇಳುವುದು! ದೂರಶಿಕ್ಷಣದಲ್ಲಿ ಅವಳು ಬಿಸಿಎ ಕಟ್ಟಿದ್ದಳು, ಮೂರು ವಿಷಯ ಹಾಗೇ ಉಳಿದಿದ್ದವು. ವಿಷಯಕ್ಕೆ ನಾಲ್ಕರ ಲೆಕ್ಕದಲ್ಲಿ ಹನ್ನೆರಡು ಕ್ರೆಡಿಟ್ಟು. ಆ ತರಗತಿಗಳು ಇದ್ದ ದಿನ ರಜೆ ಸಿಗುತ್ತಿರಲಿಲ್ಲ, ರಜೆ ಸಿಕ್ಕ ದಿನ ತರಗತಿ ಇರುತ್ತಿರಲಿಲ್ಲ.

ದಾರಿ ತೋರಿಸಿದವಳು ಮೇಲಿನ ಮನೆಯ ನಿಖಿತಾ. ಎಂಜಿನಿಯರಿಂಗ್ ಓದುವ ಹುಡುಗಿ. "ಆಂಟಿ, ಆ ಮೂರು ಸಬ್ಜೆಕ್ಟ್ ಆನ್‌ಲೈನ್ ಕೋರ್ಸ್ ಮಾಡಿ. ಮನೇಲೇ ಪಾಠ, ಮನೇಲೇ ಪರೀಕ್ಷೆ. ಪಾಸಾದ್ರೆ ಕ್ರೆಡಿಟ್ ನಿಮ್ಮ ಖಾತೆಗೆ ಬಂದು ಬೀಳುತ್ತೆ, ಯೂನಿವರ್ಸಿಟಿ ಅದನ್ನ ತಗೊಳ್ಳುತ್ತೆ."

"ಮನೇಲೇ ಪರೀಕ್ಷೆನಾ? ಹಂಗಾದ್ರೆ ಎಲ್ಲರೂ ಪಾಸೇ."

"ಕ್ಯಾಮೆರಾ ನೋಡ್ತಾ ಇರುತ್ತೆ ಆಂಟಿ."

"ಕ್ಯಾಮೆರಾ ಹಿಂದೆ ಯಾರು ಕೂತಿರ್ತಾರೆ?"

ನಿಖಿತಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಇಷ್ಟು ಹುಮ್ಮಸ್ಸಿನಿಂದ ಹೇಳುವ ಹುಡುಗಿಗೆ ಇದರಲ್ಲಿ ಏನು ಲಾಭ ಎಂದು ಹಾಲವ್ವ ನಾಲ್ಕು ದಿನ ಯೋಚಿಸಿದಳು. ಆಮೇಲೆ ಒಂದು ದಿನ ರಜೆ ಹಾಕಿ ವಿಶ್ವವಿದ್ಯಾಲಯದ ಕೌಂಟರಿಗೇ ಹೋಗಿ, ಈ ಕ್ರೆಡಿಟ್ ನಿಜವಾಗಿಯೂ ನಡೆಯುತ್ತದೆ ಎಂದು ಬರೆಸಿಕೊಂಡು, ಸೀಲು ಹಾಕಿಸಿಕೊಂಡು ಬಂದಳು. ಮೊದಲ ಕೋರ್ಸು ಮುಗಿದು ನಾಲ್ಕು ಕ್ರೆಡಿಟ್ ಬಂದಾಗ ಆ ಪುಟವನ್ನು ಪ್ರಿಂಟ್ ತೆಗೆಸಿ ಗೆಜೆಟೆಡ್ ಅಧಿಕಾರಿಯ ಹತ್ತಿರ ದೃಢೀಕರಣ ಮಾಡಿಸಿಕೊಂಡಳು. "ಇದು ಕಂಪ್ಯೂಟರಲ್ಲೇ ಇರುತ್ತಲ್ಲಮ್ಮ, ಇದಕ್ಕ್ಯಾಕೆ ಅಟೆಸ್ಟೇಷನ್ನು?" ಎಂದು ಆ ಮನುಷ್ಯ ಕೇಳಿದ್ದಕ್ಕೆ, "ಕಂಪ್ಯೂಟರಿಂದ ಹೆಂಗೆ ಅಳಿಸ್ತಾರೆ ಅಂತ ನಂಗೊತ್ತು ಸಾರ್," ಎಂದಳು. ಎರಡನೆಯದೂ ಜನವರಿಯಲ್ಲಿ ಮುಗಿಯಿತು. ಉಳಿದದ್ದು ಡೇಟಾಬೇಸ್, ನಾಲ್ಕೇ ನಾಲ್ಕು ಕ್ರೆಡಿಟ್ಟು.

ಇಲ್ಲಿ ಪಾಸ್‌ವರ್ಡಿನ ವಿಷಯ ಹೇಳಬೇಕು. ಕೋರ್ಸಿನ ಖಾತೆಗೆ ನಿಖಿತಾ ಹದಿನಾರು ಅಕ್ಷರದ, ಅಂಕಿ, ಚುಕ್ಕಿ, ಸುರುಳಿ ಎಲ್ಲ ಸೇರಿದ ಪಾಸ್‌ವರ್ಡ್ ಮಾಡಿಕೊಟ್ಟಿದ್ದಳು. ಫೋನಿನಲ್ಲಿ ಸೇವ್ ಮಾಡಿ ಎಂದಳು. ಫೋನು ಕಳೆದರೆ? ಡೈರಿಯಲ್ಲಿ ಬರೆದರೆ ಗಂಡ ನೋಡುತ್ತಾನೆ, ನೋಡಿದರೆ ಫ್ಯಾಕ್ಟರಿಯಲ್ಲಿ ಹೇಳುತ್ತಾನೆ. ಕೊನೆಗೆ ಹಾಲವ್ವ ಬೆರಳಗಲದ ಚೀಟಿಯಲ್ಲಿ ಬರೆದು ಇಷ್ಟಲಿಂಗದ ಕರಡಿಗೆಯೊಳಗೆ, ಲಿಂಗ ಸುತ್ತಿದ ಬಟ್ಟೆಯ ಮಡಿಕೆಯಲ್ಲಿ ಸೇರಿಸಿದಳು. ಎಂಟನೇ ವಯಸ್ಸಿಗೆ ದೀಕ್ಷೆಯಾದಂದಿನಿಂದ ಆ ಬೆಳ್ಳಿಯ ಕರಡಿಗೆ ಅವಳ ಕೊರಳು ಬಿಟ್ಟಿಲ್ಲ. ಅವಳಿಗೆ ಗೊತ್ತಾಗದಂತೆ ಬೇರೆಯವರ ಕೈ ಹೋಗಲಾರದ ಜಾಗ ಈ ಭೂಮಿಯ ಮೇಲೆ ಅದೊಂದೇ. ಶಿವನಿಗೆ ಒಂದು ಮಾತು ಹೇಳಿ, ಕ್ಷಮೆ ಕೇಳಿಯೇ ಇಟ್ಟಳು.

ಮಾರ್ಚಿ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ. ಗಂಡನನ್ನು ಲಗ್ಗೆರೆಯ ನಾದಿನಿ ಮನೆಗೆ ಅಟ್ಟಿ, ಬಾಗಿಲು ಹಾಕಿಕೊಂಡು, ನಿಖಿತಾಳ ಲ್ಯಾಪ್‌ಟಾಪಿನ ಮುಂದೆ ಕೂತಳು. ಪರೀಕ್ಷೆ ನಡೆಸುವ ಕಂಪನಿಯವರು ಮೊದಲು ಕ್ಯಾಮೆರಾ ತಿರುಗಿಸಿ ನಾಲ್ಕು ಗೋಡೆ ತೋರಿಸಲು ಹೇಳಿದರು. ಮೇಜಿನ ಕೆಳಗೆ, ಕಿವಿಯ ಹಿಂದೆ, ಎರಡೂ ತೋಳು. ಹಾಲವ್ವನಿಗೆ ಖುಷಿಯಾಯಿತು. ಚೆಕಿಂಗ್ ಅಂದರೆ ಹೀಗಿರಬೇಕು ಎಂದುಕೊಂಡಳು. ಸೆರಗಿನ ಒಳಗಿದ್ದ ಕರಡಿಗೆಯನ್ನು ಅವರು ಕೇಳಲಿಲ್ಲ, ಇವಳಿಗೆ ಅದು ಹೇಳಬೇಕಾದ ವಸ್ತು ಎಂದೂ ಅನ್ನಿಸಲಿಲ್ಲ. ಕೈಕಾಲು ಇದೆ ಎಂದು ಯಾರಾದರೂ ಹೇಳುತ್ತಾರೆಯೇ?

ಮೂವತ್ತು ಪ್ರಶ್ನೆ ಸರಾಗ ಹೋಯಿತು. ಮೂವತ್ತೊಂದನೆಯದಕ್ಕೆ ಬಂದು ತಲೆ ಕಟ್ಟಿತು. ಒಂದು ಕೋಷ್ಟಕವನ್ನು ಮೂರು ಕೋಷ್ಟಕವಾಗಿ ಒಡೆಯುವುದು, ಹಿಂದಿನ ದಿನ ತಾನೇ ಮಾಡಿದ್ದಳು. ಈಗ ಮಂಜು ಕವಿದಿತ್ತು. ದಿಕ್ಕು ತೋಚದಾಗ ಅವಳು ಚಿಕ್ಕಂದಿನಿಂದ ಮಾಡುತ್ತ ಬಂದದ್ದನ್ನೇ ಮಾಡಿದಳು. ಕರಡಿಗೆ ತೆರೆದು, ಬಟ್ಟೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದನ್ನೇ ದಿಟ್ಟಿಸಿ ನೋಡುತ್ತ, ತುಟಿಯಲ್ಲೇ ಮಂತ್ರ ಹೇಳಿಕೊಂಡಳು.

ಬಟ್ಟೆಯಿಂದ ಜಾರಿದ ಚೀಟಿ ಕೀಬೋರ್ಡಿನ ಮೇಲೆ ಬಿತ್ತು.

ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿ ಮೂಡಿತು. ಕೈಯಲ್ಲಿರುವುದನ್ನು, ಮತ್ತು ಆ ಕಾಗದವನ್ನು, ಕೂಡಲೇ ಕ್ಯಾಮೆರಾಗೆ ಹತ್ತಿರ ಹಿಡಿದು ತೋರಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಹಾಲವ್ವ ಅದನ್ನು ಎರಡು ಸಲ ಓದಿದಳು. ಯಾರಿವನು? ಪಾಸ್‌ವರ್ಡ್ ಹತ್ತಿರ ಹಿಡಿದು ತೋರಿಸು ಎನ್ನುವವನು ಯಾರು? ವಿಡಿಯೊದಲ್ಲಿ ಬಂದು ಅದು ತೋರಿಸು ಇದು ತೋರಿಸು ಎಂದು ಹೆದರಿಸಿ, ಇರುವುದನ್ನೆಲ್ಲ ಬಾಚಿಕೊಳ್ಳುವ ಡಿಜಿಟಲ್ ಅರೆಸ್ಟಿನವರ ಸುದ್ದಿಯನ್ನು ಅವಳು ಒಂದನ್ನೂ ಬಿಡದೆ ಓದಿದ್ದಳು. ಪರೀಕ್ಷೆಯ ನಡುವೆಯೇ ನುಗ್ಗಿದ್ದಾನೆ ಕಳ್ಳ! ಚೀಟಿಯನ್ನು ಗಬಕ್ಕನೆ ಎತ್ತಿ ರವಿಕೆಯೊಳಗೆ ತುರುಕಿದಳು, ಲಿಂಗವನ್ನು ಕರಡಿಗೆಗೆ ಸೇರಿಸಿ ಸೆರಗು ಎಳೆದುಕೊಂಡಳು. ಪಟ್ಟಿ ಇನ್ನೂ ಮಿನುಗುತ್ತಲೇ ಇತ್ತು. ಲ್ಯಾಪ್‌ಟಾಪಿನ ಮುಚ್ಚಳವನ್ನೇ ಪಟ್ಟೆಂದು ಹಾಕಿಬಿಟ್ಟಳು.

ಎರಡು ನಿಮಿಷ ಬಿಟ್ಟು ತೆರೆದಾಗ ಪರೀಕ್ಷೆ ರದ್ದಾಗಿತ್ತು. ಕಾರಣದ ಜಾಗದಲ್ಲಿ 'ಅನುಮಾನಾಸ್ಪದ ವರ್ತನೆ' ಎಂದಿತ್ತು. ಹತ್ತು ವರ್ಷದಲ್ಲಿ ಅವಳೇ ಎಷ್ಟೋ ಹುಡುಗಿಯರ ಹೆಸರಿನ ಮುಂದೆ ಟೈಪ್ ಮಾಡಿದ ಅದೇ ಎರಡು ಪದ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಅದು ಹೊಳೆಯಲಿಲ್ಲ. ಹೊಳೆದದ್ದು ಒಂದೇ, ಕ್ಯಾಮೆರಾ ಆ ಚೀಟಿಯನ್ನು ಓದಿಬಿಟ್ಟಿದೆ ಎಂಬುದು. ಪಾಸ್‌ವರ್ಡ್ ಬದಲಾಯಿಸಿದಳು, ಅಡುಗೆಮನೆಗೆ ಹೋಗಿ ಗ್ಯಾಸ್ ಹಚ್ಚಿ ಚೀಟಿ ಸುಟ್ಟಳು, ಬೂದಿಗೆ ನೀರು ಬಿಟ್ಟಳು. ತಾನು ನಿರಪರಾಧಿ ಎನ್ನಲು ಇದ್ದ ಒಂದೇ ಒಂದು ಸಾಕ್ಷಿಯನ್ನು ಹೀಗೆ ಅವಳೇ ಕೈಯಾರೆ ತೊಳೆದು ಹಾಕಿದಳು.

ಆ ವಾರವೆಲ್ಲ ಅವಳಿಗೆ ನಿಖಿತಾ ಮೇಲೆ ಗುಮಾನಿ. ಲ್ಯಾಪ್‌ಟಾಪ್ ಅವಳದು, ಏನಾದರೂ ಹಾಕಿಟ್ಟಿದ್ದಳೋ ಏನೋ. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸಿದಳು. ಹುಡುಗಿ ಮಾತ್ರ ಅದನ್ನು ಲೆಕ್ಕಕ್ಕಿಡದೆ, ವಿಚಾರಣೆಗೆ ಅರ್ಜಿ ತಾನೇ ಬರೆದು ಕಳಿಸಿ, ಹತ್ತನೇ ದಿನ ವಿಡಿಯೊ ಕರೆ ಬಂದಾಗ ಪಕ್ಕದಲ್ಲೇ ಕೂತಳು. ಆ ಕಡೆ ವಿಚಾರಣೆ ನಡೆಸುವ ಮೂರು ಜನ. ಅವರಲ್ಲಿ ಕನ್ನಡ ಬರುವವರು ಒಬ್ಬ ಮೇಡಂ ಮಾತ್ರ.

"ನಿಮ್ಮ ಕೈಲಿ ಇದ್ದಿದ್ದು ಇಷ್ಟಲಿಂಗ ಅಂತ ಇವರಿಗೆ ಹೇಳಿದೀನಿ, ಅದನ್ನ ಒಪ್ಕೊಂಡಿದಾರೆ," ಎಂದರು ಮೇಡಂ. "ಆದ್ರೆ ಆ ಚೀಟಿ ಏನು?"

"ಪಾಸ್‌ವರ್ಡು ಮೇಡಂ."

"ತೋರಿಸಿ."

"ಸುಟ್ಟಾಕಿದೆ."

"ಯಾಕೆ?"

"ನಿಮ್ಮ ಕ್ಯಾಮೆರಾ ಓದಿರುತ್ತೆ ಅಂತ."

ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಉಳಿದಿಬ್ಬರೂ ಮುಖ ಮುಖ ನೋಡಿಕೊಂಡರು. ಮೇಡಂ ಕನ್ನಡಕ ತೆಗೆದು ಕೇಳಿದರು, "ನೀವೂ ಕಾಲೇಜಲ್ಲಿ ಚೆಕಿಂಗ್ ಕೆಲಸ ಮಾಡ್ತೀರಿ ಅಂತ ಅರ್ಜೀಲಿದೆ. ನೀವೇ ಹೇಳಿ, ನಮ್ಮ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?"

ಹಾಲವ್ವ ಒಂದು ಗಳಿಗೆಯೂ ತಡೆಯಲಿಲ್ಲ. "ಡಿಬಾರ್ ಮಾಡ್ತಿದ್ದೆ ಮೇಡಂ."

ಮೇಜಿನ ಕೆಳಗೆ ನಿಖಿತಾ ಅವಳ ತೊಡೆ ಚಿವುಟಿದಳು. ಆದರೆ ಆ ಉತ್ತರವೇ ಕೆಲಸ ಮಾಡಿತೋ, ಮೇಡಂ ಅವರ ಮನಸ್ಸು ಕರಗಿತೋ, ವಾರ ಕಳೆದು ಪತ್ರ ಬಂತು. ಸಂಶಯದ ಲಾಭ ನೀಡಿ ಇನ್ನೊಂದು ಅವಕಾಶ ಕೊಡಲಾಗಿದೆ, ಏಪ್ರಿಲ್‌ನಲ್ಲಿ, ಕೆಂಗೇರಿಯ ಪರೀಕ್ಷಾ ಕೇಂದ್ರದಲ್ಲಿ, ಖುದ್ದಾಗಿ. ಅಲ್ಲಿ ಅನುಮಾನಕ್ಕೆ ಎಡೆಯಾಗುವ ವಸ್ತು ಏನಾದರೂ ಸಿಕ್ಕಿದರೆ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಎರಡು ವರ್ಷ ಎಂದರೆ ಜೂನ್ ಹೋಯಿತು, ಕುರ್ಚಿ ಹೋಯಿತು.

"ಒಂದಿನ ತೆಗೆದಿಟ್ಟು ಹೋಗೇ. ದೇವರಮನೇಲಿ ಇರುತ್ತಪ್ಪ, ಎಲ್ಲಿ ಹೋಗುತ್ತೆ," ಎಂದ ಸಿದ್ದಲಿಂಗೇಶ್. ಅವನ ಲಿಂಗ ವರ್ಷವಿಡೀ ದೇವರಮನೆಯ ಮೊಳೆಯಲ್ಲೇ ನೇತಾಡುತ್ತದೆ, ಶಿವರಾತ್ರಿಗೊಮ್ಮೆ ಕೊರಳಿಗೆ ಬರುತ್ತದೆ.

"ಇಷ್ಟು ವರ್ಷ ಇದ್ದಿದ್ದನ್ನ ನಾಲ್ಕು ಕ್ರೆಡಿಟ್ಟಿಗೆ ಬಿಚ್ಚಿಡ್ಲಾ? ಆಗಲ್ಲ."

"ಮತ್ತೆ ಗೇಟಲ್ಲೇ ತಡೆದ್ರೆ?"

ಅದಕ್ಕೂ ಅವಳ ಹತ್ತಿರ ಏರ್ಪಾಡಿತ್ತು. ಊರಿನ ಮಠಕ್ಕೆ ಫೋನು ಮಾಡಿ, ಇಂಥವಳು ಧರಿಸಿರುವುದು ಇಷ್ಟಲಿಂಗವೇ ಹೌದು ಎಂದು ಸ್ವಾಮಿಗಳ ಸಹಿ, ಮೊಹರು ಇರುವ ಪತ್ರ ತರಿಸಿದಳು. ಕರಡಿಗೆಯ ಫೋಟೊ ತೆಗೆಸಿ ಅದಕ್ಕೆ ಲಗತ್ತಿಸಿದಳು. ಎರಡಕ್ಕೂ ಅದೇ ಗೆಜೆಟೆಡ್ ಅಧಿಕಾರಿಯ ಸಹಿ. ಆ ಮನುಷ್ಯ ಈ ಸಲ ಅವಳನ್ನು ಕಂಡ ಕೂಡಲೇ ಪೆನ್ನು ತೆಗೆದ.

ಪರೀಕ್ಷೆಯ ದಿನ ವಿಜಯನಗರದಲ್ಲಿ ಮೆಟ್ರೊ ಹತ್ತಿದಾಗಿನಿಂದ ಆ ಪತ್ರದ ಕವರನ್ನು ಅವಳು ಕೈಯಿಂದ ಬಿಡಲಿಲ್ಲ. ಕೇಂದ್ರದ ಹೆಂಗಸರ ಸಾಲಿನಲ್ಲಿ ನಿಂತು, ಮುಂದೆ ತಡವುತ್ತಿದ್ದವಳ ಕೈಯನ್ನೇ ನೋಡಿದಳು. ಮೂವತ್ತು ದಾಟಿರದ ಹೆಂಗಸು, ಖಾಕಿ ಅಂಗಿ, ತಲೆಯಲ್ಲಿ ಕನಕಾಂಬರ. ಕೆಲಸ ಬಾರದವಳು ಎಂದು ಹಾಲವ್ವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಜಡೆ ಮುಟ್ಟುತ್ತಿಲ್ಲ, ಚಪ್ಪಲಿ ಬಿಡಿಸುತ್ತಿಲ್ಲ. ಇಂಥವಳು ಸಿಕ್ಕಿದ್ದು ಅದೃಷ್ಟ ಎಂದು ಅವಳಿಗೆ ಸಮಾಧಾನವೂ ಆಗಲಿಲ್ಲ. ಇವಳು ಹೀಗೆ ಸಡಿಲ ಬಿಟ್ಟು ಒಳಗೆ ಇನ್ಯಾರೋ ಹಿಡಿಯುವ ಹೂಟವೋ ಏನೋ ಎನ್ನಿಸಿತು.

ಸರದಿ ಬಂತು. ಹೆಂಗಸಿನ ಬೆರಳು ಎದೆಯ ಬಳಿ ಗಟ್ಟಿಯಾದುದಕ್ಕೆ ತಾಗಿ ನಿಂತಿತು.

"ಏನ್ ಆಂಟಿ ಇದು?"

"ಲಿಂಗ. ಕರಡಿಗೆ. ಪತ್ರ ಇದೆ, ನೋಡಮ್ಮ, ಇಲ್ಲಿದೆ..." ಎಂದು ಹಾಲವ್ವ ಕವರು ಬಿಚ್ಚತೊಡಗಿದಳು.

"ಲಿಂಗನಾ? ಸರಿ, ಹೋಗಿ."

ಹಾಲವ್ವ ಕದಲಲಿಲ್ಲ. "ತೆಗೆದು ನೋಡು."

"ಬೇಡ ಆಂಟಿ, ಹೋಗಿ."

"ಹಂಗೆಲ್ಲ ಬಿಡಬಾರ್ದು ಕಣಮ್ಮ. ಒಳಗೆ ಏನಾದ್ರೂ ಇಟ್ಕೊಂಡಿದ್ರೆ? ಆಮೇಲೆ ನಿನ್ ತಲೆಗೆ ಬರುತ್ತೆ. ನಾನೇ ತೆಗೀತೀನಿ, ನೀನು ನೋಡು."

"ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ ಆಂಟಿ," ಎಂದು ಆ ಹೆಂಗಸು ನಕ್ಕಳು. "ಹೋಗಿ, ಚೆನ್ನಾಗ್ ಬರೀರಿ. ಲೈನ್ ನಿಂತಿದೆ." ಅವಳ ಕೈ ಆಗಲೇ ಮುಂದಿನವಳ ಹೆಗಲ ಮೇಲಿತ್ತು.

ಒಳಗೆ ಕುರ್ಚಿಯಲ್ಲಿ ಕೂತ ಮೇಲೂ ಹಾಲವ್ವನಿಗೆ ಆ ಮಾತು ಬಿಡಲಿಲ್ಲ. ಮೊದಲು ಸಿಟ್ಟು ಬಂತು. ಮುಖ ನೋಡಿ ಬಿಡುವುದೂ ಒಂದು ಚೆಕಿಂಗೇ? ಆಮೇಲೆ, ಮೇಲ್ವಿಚಾರಕರು ನಿಯಮ ಓದುತ್ತಿದ್ದ ಹೊತ್ತಿನಲ್ಲಿ, ತಾನು ಇಷ್ಟು ವರ್ಷ ತಡವಿ ಒಳಗೆ ಬಿಟ್ಟ ಹುಡುಗಿಯರ ಒಂದಾದರೂ ಮುಖ ನೆನಪಿದೆಯೇ ಎಂದು ಹುಡುಕಿದಳು. ಜಡೆ ನೆನಪಾಯಿತು, ಅಂಗೈ ನೆನಪಾಯಿತು, ಸೊಂಟದ ಮಡಿಕೆ ನೆನಪಾಯಿತು. ಸಾವಿರಾರು ಹುಡುಗಿಯರು, ಒಂದು ಮುಖವೂ ಬರಲಿಲ್ಲ. ಮೆಹಂದಿಯವಳದ್ದೂ ಇಲ್ಲ. ಅವಳಿಗೆ ನಾಚಿಕೆಯಾಯಿತು, ಕಣ್ಣು ತುಂಬಿತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಸೆರಗಿನಲ್ಲಿ ಮುಖ ಒರೆಸಿಕೊಂಡು ಬರೆಯಲು ತೊಡಗಿದಳು.

ಮೇ ಕೊನೆಯ ವಾರ ನಾಲ್ಕು ಕ್ರೆಡಿಟ್ ಬಂತು. ಎಪ್ಪತ್ತೆಂಟು ಪರ್ಸೆಂಟು. ತಾತ್ಕಾಲಿಕ ಪದವಿ ಪತ್ರವನ್ನು ಕಾಂತರಾಜು ಎರಡೂ ಕಡೆ ತಿರುಗಿಸಿ ನೋಡಿ, "ಆರ್ಡರು ಹದಿನೈದು ದಿನದಲ್ಲಿ ಬರುತ್ತೆ, ಅಲ್ಲಿಗಂಟ ಈ ಸೆಮಿಸ್ಟರಿನ ಗೇಟ್ ಡ್ಯೂಟಿ ಒಂದು ಮುಗಿಸಿಬಿಡಿ," ಎಂದರು. ನಿಖಿತಾಳ ಮನೆಗೆ ಹಾಲವ್ವ ಅರ್ಧ ಕೆಜಿ ಮೈಸೂರುಪಾಕು ತೆಗೆದುಕೊಂಡು ಹೋದಳು, ಅಂಗಡಿಯಲ್ಲಿ ಎರಡು ಸಲ ತೂಕ ಹಾಕಿಸಿ.

ಜೂನ್ ಮೊದಲ ಸೋಮವಾರ ಮಧ್ಯಾಹ್ನ ಅವಳು ಎಂದಿನಂತೆ ಗೇಟಿನಲ್ಲಿ ನಿಂತಳು. ಮೊದಲ ಹುಡುಗಿ ಬಂದು, ಹೇಳುವ ಮುಂಚೆಯೇ ಎರಡೂ ಕೈ ಅಗಲಿಸಿದಳು. ಹಾಲವ್ವನ ಬೆರಳು ಅಭ್ಯಾಸಬಲದಿಂದ ಅವಳ ಸೊಂಟದ ಪಟ್ಟಿಗೆ ಹೋಯಿತು, ಅಲ್ಲೇ ನಿಂತಿತು. ತಲೆ ಎತ್ತಿ ಮುಖ ನೋಡಿದಳು. ಹತ್ತೊಂಬತ್ತು ಇರಬಹುದು, ಗಲ್ಲದ ಮೇಲೆ ಒಂದು ಮೊಡವೆ, ಹಣೆಯಲ್ಲಿ ಬೆವರು. ಹುಡುಗಿ ಅವಳನ್ನು ನೋಡುತ್ತಿರಲಿಲ್ಲ. ಅವಳ ಭುಜದಾಚೆಗೆ ಗೋಡೆಯನ್ನು ನೋಡುತ್ತಿದ್ದಳು. ಹಾಲವ್ವ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದಳು. ಒಬ್ಬಳಾದರೂ ಇತ್ತ ನೋಡುತ್ತಿರಲಿಲ್ಲ.

"ನಿನ್ನ ಹೆಸರೇನವಾ?" ಎಂದು ಕೇಳಿದಳು. ಈ ಜಾಗದಲ್ಲಿ ನಿಂತು ಇಷ್ಟು ಮೆತ್ತಗೆ ಅವಳು ಯಾರನ್ನೂ ಮಾತಾಡಿಸಿದ್ದಿಲ್ಲ.

ಹುಡುಗಿಯ ಮುಖ ಬಿಳಿಚಿಕೊಂಡಿತು. ಎತ್ತಿದ ಕೈ ಇಳಿಸದೆ, ಗೋಡೆಯಿಂದ ಕಣ್ಣು ಕೀಳದೆ ಹೇಳಿದಳು, "ಆಂಟಿ, ದೇವರಾಣೆ, ನಾನೇನೂ ಇಟ್ಕೊಂಡಿಲ್ಲ."